ಫ್ರಾಂಕ್ಸ್‌ಗೆ ಕಾಯೋದಾ ಬೇಡ್ವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಜನವರಿ 12ಕ್ಕೆ ಆಟೋ ಎಕ್ಸ್‌ಪೋದಲ್ಲಿ ಮಾರುತಿ ತನ್ನ ಹೊಸ ಕಾರು ಫ್ರಾಂಕ್ಸ್ ತೋರಿಸಿದಾಗಿಂದ ಬರ್ತಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆನೇ. ಈಗ ಮಾರ್ಚ್ 2023, ಬುಕಿಂಗ್ ಶುರುವಾಗಿ ಎರಡು ತಿಂಗಳಾಯ್ತು, ಬೆಲೆ ಮಾತ್ರ ಕಂಪನಿ ಇನ್ನೂ ಬಾಯಿ ಬಿಟ್ಟಿಲ್ಲ. ಆದ್ರಿಂದ ಈ ಸಲ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ರ. ಹನ್ನೊಂದು ವರ್ಷದ ಪೆಟ್ರೋಲ್ ಸ್ವಿಫ್ಟ್ ಇದೆ, ತಿಂಗಳಿಗೆ ಎರಡು ಮೂರು ಸಲ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿ ಬರ್ತೀವಿ, ಬರುವಾಗ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಫ್ರಾಂಕ್ಸ್ ಫೋಟೋ ನೋಡಿದಾಗಿಂದ ಮನಸ್ಸೆಲ್ಲ ಅಲ್ಲೇ ಇದೆ. ಶೋರೂಮ್‌ನವ್ರು ಈಗ್ಲೇ ಬುಕ್ ಮಾಡಿ ಅಂತ ದಿನಾ ಫೋನ್ ಮಾಡ್ತಾರೆ. ಬೆಲೆನೇ ಗೊತ್ತಿಲ್ದೆ ಬುಕ್ ಮಾಡೋದಾ? ಸ್ಪೋರ್ಟಿ ಅಂತಾರಲ್ಲ, ನಿಜವಾಗ್ಲೂ ದಮ್ ಇದ್ಯಾ, ಇಲ್ಲಾ ಮಾರುತಿದೇ ಬಲೇನೋ ಕಾರಿಗೆ ಹೊಸ ಅಂಗಿ ತೊಡಿಸಿದಾರಾ?

ಅಂಗಿ ವಿಷಯ ಮೊದ್ಲು ಮುಗಿಸೋಣ. ಹೌದು, ಅಡಿಪಾಯ ಬಲೇನೋದ್ದೇ. ಅದೇ ಹಾರ್ಟೆಕ್ಟ್ ಪ್ಲಾಟ್‌ಫಾರ್ಮ್, ಅದೇ 2520 ಮಿಮೀ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಡ್ಯಾಶ್‌ಬೋರ್ಡ್ ನೋಡಿದ್ರೆ ಬಲೇನೋದಲ್ಲಿ ಕೂತಂಗೇ ಅನ್ಸತ್ತೆ. ಮೇಲಿನ ಮೈ ಮಾತ್ರ ಬೇರೆ, 2020ರ ಎಕ್ಸ್‌ಪೋದಲ್ಲಿ ತೋರಿಸಿದ್ರಲ್ಲ ಫ್ಯೂಚುರೋ-ಇ ಅನ್ನೋ ಕಾನ್ಸೆಪ್ಟ್, ಆ ಕೂಪೆ ಥರ ಹಿಂದಕ್ಕೆ ಇಳಿಜಾರಾಗೋ ರೂಫು ಅಲ್ಲಿಂದ ಬಂದಿದ್ದು. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ತಳಕ್ಕೂ ನಡುವಿನ ಜಾಗ) 190 ಮಿಮೀ, ಟೈರ್ 195/60 ಆರ್16. ಬಲೇನೋದ್ದು 195/55, ಅಂದ್ರೆ ಇದರ ಟೈರಿನ ಗೋಡೆ ಸ್ವಲ್ಪ ಎತ್ತರ, ನಿಮ್ಮ ಮನೆಗೆ ಹೋಗೋ ತೋಟದ ದಾರಿ ಗುಂಡಿಗಳಿಗೆ ಅದು ಒಳ್ಳೇದು. ಆದ್ರೆ ಇಷ್ಟರಿಂದ ಯಾವ ಗಾಡಿನೂ ಸ್ಪೋರ್ಟಿ ಆಗಲ್ಲ.

ದಮ್ ಇರೋದು ಎಂಜಿನ್‌ನಲ್ಲಿ, ಅದೂ ಎರಡರಲ್ಲಿ ಒಂದ್ರಲ್ಲಿ ಮಾತ್ರ. 1.2 ಲೀಟರ್ ನಾಲ್ಕು ಸಿಲಿಂಡರ್‌ದು ನಿಮಗೆ ಗೊತ್ತಿರೋ ಜಾತಿನೇ, 90 ಪಿಎಸ್ ಶಕ್ತಿ, 113 ಎನ್‌ಎಂ ಎಳೆತ, ಆ 113 ಪೂರ್ತಿ ಸಿಗೋದು 4400 ಆರ್‌ಪಿಎಂನಲ್ಲಿ, ಅಂದ್ರೆ ಎಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗುವಾಗ. ಇನ್ನೊಂದು 1.0 ಲೀಟರ್ ಬೂಸ್ಟರ್‌ಜೆಟ್, ಮೂರು ಸಿಲಿಂಡರ್, ಟರ್ಬೊ (ಎಂಜಿನ್ ಒಳಗೆ ಹೆಚ್ಚು ಗಾಳಿ ಒತ್ತಿ ತುಂಬೋ ಯಂತ್ರ), 100 ಪಿಎಸ್, 147.6 ಎನ್‌ಎಂ, ಅದು 2000 ಆರ್‌ಪಿಎಂನಿಂದ 4500ರವರೆಗೆ ಹಾಗೇ ನಿಲ್ಲತ್ತೆ. ಬ್ರೋಶರ್‌ನಲ್ಲಿ ಎಲ್ಲರೂ ನೋಡೋದು 90ಕ್ಕೂ 100ಕ್ಕೂ ಇರೋ ಹತ್ತು ಪಿಎಸ್ ವ್ಯತ್ಯಾಸ, ಅಷ್ಟೇನಾ ಅಂತಾರೆ. ನೀವು ನೋಡ್ಬೇಕಾಗಿರೋದು ಆ 4400 ಮತ್ತು 2000.

ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಏನಾಗತ್ತೆ ನೆನಪು ಮಾಡ್ಕೊಳ್ಳಿ. ಮುಂದೆ ಒಂದು ಬಸ್ಸು, ಅದು ತಿರುವಿನಲ್ಲಿ ಹೆಚ್ಚು ಕಡಿಮೆ ನಿಂತೇ ಬಿಡತ್ತೆ, ನೀವೂ ಎರಡನೇ ಗೇರ್‌ನಲ್ಲಿ ತೆವಳ್ತಾ ಹೋಗ್ತೀರಿ, ಎಂಜಿನ್ ಎರಡು ಸಾವಿರಕ್ಕೆ ಇಳಿದಿರತ್ತೆ, ನಾಲ್ಕು ಜನ, ಸಾಮಾನು, ಎಸಿ ಬೇರೆ ಆನ್. ತಿರುವು ಕಳೀತು, ಆಕ್ಸಿಲರೇಟರ್ ಒತ್ತಿದ್ರಿ, ಸ್ವಿಫ್ಟು ಏನೂ ಹೇಳಲ್ಲ, ನೀವು ಎಸಿ ಆಫ್ ಮಾಡ್ತೀರಿ, ಮೊದಲ ಗೇರ್‌ಗೆ ಹಾಕ್ತೀರಿ, ಎಂಜಿನ್ ಕಿರುಚತ್ತೆ, ಆಮೇಲೆ ಗಾಡಿ ಏಳತ್ತೆ. ಫ್ರಾಂಕ್ಸ್ 1.2 ತಗೊಂಡ್ರೂ ಕಥೆ ಸುಮಾರು ಇದೇ. ಟರ್ಬೊದಲ್ಲಿ ಅದೇ ಎರಡು ಸಾವಿರದಲ್ಲಿ ಪೂರ್ತಿ ಎಳೆತ ಕೈಯಲ್ಲಿರತ್ತೆ, ಗೇರ್ ಬದಲಾಯಿಸೋ ಗೋಜಿಲ್ಲ.

ಊಹೆ ಮೇಲೆ ಹೇಳ್ತಿಲ್ಲ. ಈ ಎಂಜಿನ್ ನಮಗೆ ಹೊಸದಲ್ಲ, 2017ರಲ್ಲಿ ಬಲೇನೋ ಆರ್‌ಎಸ್ ಅಂತ ಬಂತಲ್ಲ, ಅದರಲ್ಲಿ ಇದ್ದಿದ್ದು ಇದೇ ಬೂಸ್ಟರ್‌ಜೆಟ್. ಗೆಳೆಯರೊಬ್ಬರ ಆರ್‌ಎಸ್‌ನಲ್ಲಿ ನಾನು ಇದೇ ಚಾರ್ಮಾಡಿ ಹತ್ತಿದೀನಿ, ಒಂದು ಡಿಸೆಂಬರ್ ಬೆಳಿಗ್ಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ. ತಿರುವಿನಲ್ಲಿ 1500ಕ್ಕೆ ಇಳಿದಾಗ ಒಂದು ಕ್ಷಣ ಏನೂ ಇಲ್ಲ, ಸತ್ತಂಗೆ ಇರತ್ತೆ, ಸೂಜಿ ಎರಡು ಸಾವಿರ ದಾಟಿದ ತಕ್ಷಣ ಬೆನ್ನಿಗೆ ಯಾರೋ ಕೈ ಕೊಟ್ಟು ತಳ್ಳಿದ ಹಾಗೆ ಎದ್ದುಬಿಡ್ತು. ಆ ಒಂದು ಕ್ಷಣದ ತಡ ಅನ್ನೋದು ಟರ್ಬೊ ಗಾಡಿಗಳ ಸ್ವಭಾವ, ಫ್ರಾಂಕ್ಸ್‌ನಲ್ಲಿ ಸ್ಮಾರ್ಟ್ ಹೈಬ್ರಿಡ್ ಸೇರಿಸಿದಾರೆ, ಸ್ಟಾರ್ಟರ್ ಮೋಟರ್ ಕೆಲ್ಸ ಮಾಡೋ ಜನರೇಟರ್ರೇ ಕೆಳಗಿನ ಆರ್‌ಪಿಎಂನಲ್ಲಿ ಸ್ವಲ್ಪ ಕೈ ಜೋಡಿಸತ್ತೆ, ಆದ್ರೂ ತಡ ಪೂರ್ತಿ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸೂಜಿ ಎರಡು ಸಾವಿರದ ಕೆಳಗೆ ಇಳಿಯದ ಹಾಗೆ ಗೇರ್ ಇಟ್ಕೊಂಡ್ರೆ ಆಯ್ತು, ಎರಡು ಸಲ ಹತ್ತಿದ್ರೆ ಕಾಲಿಗೇ ಅಭ್ಯಾಸ ಆಗಿಬಿಡತ್ತೆ. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್ದೋಸೆಗೆ ನಿಲ್ಲಿಸ್ತೀರಲ್ಲ, ಆಗ ಗಾಡಿ ನಿಂತ ತಕ್ಷಣ ಕೀ ತಿರುಗಿಸಬೇಡಿ, ಅರ್ಧ ನಿಮಿಷ ಹಾಗೇ ಓಡ್ಲಿ, ಟರ್ಬೊ ತಣ್ಣಗಾಗ್ಲಿ. ಆಯಿಲ್ ಚೇಂಜ್ ಒಂದು ದಿನವೂ ಮುಂದೂಡಬೇಡಿ.

ನನಗೆ ಬೇಸರ ಆಗಿರೋದು ಬ್ರೇಕ್ ವಿಷಯ. ಆರ್‌ಎಸ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇತ್ತು, ಫ್ರಾಂಕ್ಸ್‌ಗೆ ಹಿಂದೆ ಡ್ರಮ್. ದಿನನಿತ್ಯದ ಓಡಾಟಕ್ಕೆ ಡ್ರಮ್ ಸಾಕು, ಒಪ್ತೀನಿ, ಆದ್ರೆ ಸ್ಪೋರ್ಟಿ ಅಂತ ಹೆಸರಿಟ್ಟು ಮಾರೋ ಟರ್ಬೊ ಗಾಡಿಗೆ ಇದೊಂದು ಕೊಡಬೇಕಿತ್ತು. ನೀವು ಇಳಿಯುವಾಗ ಎರಡನೇ ಗೇರ್‌ನಲ್ಲೇ ಇಳಿರಿ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರಬೇಡಿ.

ಇನ್ನು ಬುಕಿಂಗ್. 11,000 ಕಟ್ಟಿ ಸಾಲಿನಲ್ಲಿ ನಿಲ್ಲೋದ್ರಲ್ಲಿ ತಪ್ಪಿಲ್ಲ, ಆದ್ರೆ ಕ್ಯಾನ್ಸಲ್ ಮಾಡಿದ್ರೆ ಎಷ್ಟು ದಿನದಲ್ಲಿ ದುಡ್ಡು ವಾಪಸ್ ಅಂತ ರಸೀದಿ ಮೇಲೆನೇ ಬರೆಸ್ಕೊಳ್ಳಿ. ಹಿಂದೊಮ್ಮೆ ನನ್ನ ತಮ್ಮ ಬೇರೊಂದು ಗಾಡಿ ಬುಕ್ ಮಾಡಿ ಬೆಲೆ ಬಂದ್ಮೇಲೆ ಬೇಡ ಅಂದ, ಆ ಡೀಲರ್ ವಾಪಸ್ ಕೊಟ್ಟಿದ್ದು ಎರಡೂವರೆ ತಿಂಗಳಿಗೆ, ಅದೂ ಇವನು ಆರು ಸಲ ಹೋಗಿ ಕೂತ ಮೇಲೆ. ಮತ್ತೆ ಸ್ವಿಫ್ಟ್ ಈಗ್ಲೇ ಮಾರಬೇಡಿ. ಗಾಡಿ ಕೈಗೆ ಬರೋವರೆಗೂ ಅದು ಅಂಗಳದಲ್ಲೇ ಇರ್ಲಿ.

ಒಟ್ಟು ನಿಮಗೆ ನನ್ನ ಉತ್ತರ: ಕಾಯಿರಿ, ಟರ್ಬೊ ಮ್ಯಾನ್ಯುಯಲ್‌ಗೆ ಕಾಯಿರಿ. 1.2ಕ್ಕೆ ಆದ್ರೆ ಕಾಯೋ ಅಗತ್ಯನೇ ಇಲ್ಲ, ಅದೇ ಎಂಜಿನ್ನಿನ ಬಲೇನೋ ಇವತ್ತೇ ಸಿಗತ್ತೆ.

ಪ್ರಶ್ನೆ: ಬೆಂಗಳೂರು, ಔಟರ್ ರಿಂಗ್ ರೋಡ್‌ನಲ್ಲಿ ಆಫೀಸು. ನಾನು, ನನ್ನ ಹೆಂಡತಿ ಇಬ್ಬರೂ ಓಡಿಸ್ತೀವಿ, ಕ್ಲಚ್ ಸಾಕಾಗಿದೆ. ಫ್ರಾಂಕ್ಸ್‌ನಲ್ಲಿ ಎರಡು ಥರ ಆಟೋಮ್ಯಾಟಿಕ್ ಅಂತಾರೆ, ಯಾವುದು? ಆನ್ ರೋಡ್ ಎಷ್ಟು ಬೀಳಬಹುದು?

1.2ಕ್ಕೆ ಬರೋದು ಎಎಂಟಿ, 5 ಸ್ಪೀಡು. ಅದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋ ಕೆಲ್ಸ ಒಂದು ಯಂತ್ರ ಮಾಡತ್ತೆ ಅಷ್ಟೇ, ಹಾಗಾಗಿ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗತ್ತೆ. ಟರ್ಬೊಗೆ ಬರೋದು 6 ಸ್ಪೀಡ್ ಟಾರ್ಕ್ ಕನ್ವರ್ಟರ್, ಅಂದ್ರೆ ಕ್ಲಚ್ ಬದಲು ಎಣ್ಣೆ ಮೂಲಕ ಎಳೆತ ದಾಟಿಸೋ ಪೂರ್ತಿ ಆಟೋಮ್ಯಾಟಿಕ್, ಸ್ಟೀರಿಂಗ್ ಹಿಂದೆ ಬೆರಳಲ್ಲೇ ಗೇರ್ ಬದಲಾಯಿಸೋ ಪ್ಯಾಡಲ್ ಕೂಡ ಇದೆ, ಅದು ಬೆಣ್ಣೆ ಥರ. ಆರಾಮಕ್ಕೆ ಕೇಳಿದ್ರೆ ಕಣ್ಣು ಮುಚ್ಚಿ ಟಾರ್ಕ್ ಕನ್ವರ್ಟರ್ ಅಂತೀನಿ. ಆದ್ರೆ ಸಿಲ್ಕ್ ಬೋರ್ಡ್‌ನಿಂದ ಮಾರತ್‌ಹಳ್ಳಿವರೆಗೆ ಹದಿನೈದು ಕಿಲೋಮೀಟರ್ ಸ್ಪೀಡ್‌ನಲ್ಲಿ ಹೋಗೋಕೆ ಟರ್ಬೊ ಕೆಲ್ಸ ಏನೂ ಇಲ್ಲ. ವಾರಾಂತ್ಯಕ್ಕೆ ಸಕಲೇಶಪುರ, ಮಡಿಕೇರಿ ಅಂತ ಹೊರಡೋರಾದ್ರೆ ಮಾತು ಬೇರೆ, ಮನೆ-ಆಫೀಸು ಮಾತ್ರ ಅಂದ್ರೆ ಎಎಂಟಿ ಓಡಿಸಿ ನೋಡಿ, ಇಬ್ಬರೂ ಓಡಿಸಿ, ಆ ತಲೆ ಬಾಗೋದು ಕೆಲವರಿಗೆ ಎರಡೇ ದಿನದಲ್ಲಿ ಮರೆತುಹೋಗತ್ತೆ, ಕೆಲವರಿಗೆ ಜನ್ಮದಲ್ಲಿ ಹಿಡಿಸಲ್ಲ.

ಬೆಲೆ ಬಗ್ಗೆ ಈ ಮಾರ್ಚ್ 2023ರ ನನ್ನ ಲೆಕ್ಕ ಹೀಗಿದೆ. ಬಲೇನೋ ಆರೂವರೆ ಲಕ್ಷದ ಆಸುಪಾಸು ಶುರುವಾಗತ್ತೆ, ಮಾರುತಿದೇ ಎಸ್‌ಯುವಿ ಬ್ರೆಝಾ ಎಂಟು ಲಕ್ಷ ಚಿಲ್ಲರೆ, ಇವೆರಡರ ನಡುವೆ ಒಂದು ಜಾಗ ಖಾಲಿ ಇದೆ, ಫ್ರಾಂಕ್ಸ್ ಅಲ್ಲೇ ಕೂರತ್ತೆ, ಶುರು ಏಳೂವರೆ ಹತ್ರ ಅಂತ ನನ್ನ ಅಂದಾಜು. ಉದ್ದ 3995 ಮಿಮೀ ಇಟ್ಟಿರೋದು ಸುಮ್ಮನೆ ಅಲ್ಲ, ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ ಇದ್ರೆ 2023ರ ಲೆಕ್ಕದಲ್ಲಿ ಜಿಎಸ್‌ಟಿ 28 ಪರ್ಸೆಂಟು, ಸೆಸ್ ಬರೀ 1. ಟರ್ಬೊನೂ 998 ಸಿಸಿ, ಹಾಗಾಗಿ ಅದಕ್ಕೂ ಇದೇ.

ನಿಮ್ಮ ಜೇಬಿಗೆ ನಿಜವಾದ ಗಡಿ ಇರೋದು ಹತ್ತು ಲಕ್ಷದಲ್ಲಿ. ನಮ್ಮ ರಾಜ್ಯದಲ್ಲಿ 2023ರ ಲೆಕ್ಕದಂತೆ ಲೈಫ್‌ಟೈಮ್ ಟ್ಯಾಕ್ಸು ಐದರಿಂದ ಹತ್ತು ಲಕ್ಷದ ಗಾಡಿಗೆ 14 ಪರ್ಸೆಂಟು, ಹತ್ತು ದಾಟಿದ್ರೆ 17, ಆ ಟ್ಯಾಕ್ಸ್ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಎಕ್ಸ್ ಶೋರೂಮ್ 9.9 ಲಕ್ಷ ಇದ್ರೆ ಟ್ಯಾಕ್ಸು ಸುಮಾರು 1.54 ಲಕ್ಷ, ಅದೇ 10.1 ಲಕ್ಷ ಆದ್ರೆ ಸುಮಾರು 1.91 ಲಕ್ಷ. ಅಂದ್ರೆ ಗಾಡಿ ಬೆಲೆಯಲ್ಲಿ ಇಪ್ಪತ್ತು ಸಾವಿರ ಹೆಚ್ಚಾದ್ರೆ ಟ್ಯಾಕ್ಸಲ್ಲಿ ಇನ್ನೂ ಮೂವತ್ತೇಳು ಸಾವಿರ ಹೋಗತ್ತೆ. ಟರ್ಬೊ ಬರೋದು ಡೆಲ್ಟಾ ಪ್ಲಸ್, ಝೀಟಾ, ಆಲ್ಫಾ ಅನ್ನೋ ಮೂರು ವೇರಿಯಂಟ್‌ಗಳಲ್ಲಿ. ಡೆಲ್ಟಾ ಪ್ಲಸ್ ಟರ್ಬೊ ಮ್ಯಾನ್ಯುಯಲ್ ಹತ್ತರ ಕೆಳಗೆ ಇರಬಹುದು ಅಂತ ನನ್ನ ಅಂದಾಜು, ಆಟೋಮ್ಯಾಟಿಕ್ ದಾಟೋದು ಬಹುತೇಕ ಖಚಿತ ಅಂದ್ಕೊಳ್ಳಿ. ಆನ್ ರೋಡ್ ಲೆಕ್ಕ ಬರೆಸ್ಕೊಳ್ಳುವಾಗ ಆ ಟ್ಯಾಕ್ಸ್ ಸಾಲು ಒಮ್ಮೆ ಬೆರಳಿಟ್ಟು ನೋಡಿ.

ಪ್ರಶ್ನೆ: ಹುಬ್ಬಳ್ಳಿ. ನಮ್ಮ ತಂದೆ ಆರಡಿ ಮೇಲಿದಾರೆ, ಎಪ್ಪತ್ತೆರಡು ವರ್ಷ, ಮಂಡಿನೋವು, ಯಾವಾಗ್ಲೂ ಹಿಂದೆನೇ ಕೂರೋದು. ನನಗೆ ಫ್ರಾಂಕ್ಸ್ ಇಷ್ಟ, ಮನೆಯವ್ರು ಬ್ರೆಝಾ ಅಂತಾರೆ.

ಮನೆಯವ್ರ ಮಾತು ಕೇಳಿ. ಫ್ರಾಂಕ್ಸ್ ಎತ್ತರ 1550 ಮಿಮೀ, ಬ್ರೆಝಾ 1685. ಫೋಟೋದಲ್ಲಿ ಚೆಂದ ಕಾಣೋ ಆ ಇಳಿಜಾರು ರೂಫು ಹಿಂದೆ ಕೂತವರ ತಲೆ ಮೇಲೆನೇ ಇಳಿಯೋದು, ಬಾಗಿಲ ಚೌಕಟ್ಟೂ ಅಲ್ಲಿ ಕೆಳಗೆ ಬಂದಿರತ್ತೆ, ಆರಡಿ ಆಳು ಒಳಗೆ ಹೋಗ್ಬೇಕಂದ್ರೆ ಸೊಂಟನೂ ಬಗ್ಗಿಸಬೇಕು ಕತ್ತೂ ಬಗ್ಗಿಸಬೇಕು, ಮಂಡಿನೋವಿನವರಿಗೆ ಅದು ದಿನಾ ಶಿಕ್ಷೆ. ಬ್ರೆಝಾದಲ್ಲಿ ಸೀಟು ಎತ್ತರ, ಕುರ್ಚಿ ಮೇಲೆ ಕೂತ ಹಾಗೆ ಪಕ್ಕಕ್ಕೆ ಸರಿದು ಕೂರಬಹುದು. ಎಂಜಿನ್ 1.5 ಲೀಟರ್, 103 ಪಿಎಸ್, ಟರ್ಬೊ ಇಲ್ಲ, ನಿಮಗೆ ಒಂಚೂರು ಸಪ್ಪೆ ಅನ್ನಿಸಬಹುದು. ಆದ್ರೂ ಫ್ರಾಂಕ್ಸ್ ಬಿಡೋಕೆ ಮನಸ್ಸಾಗ್ಲಿಲ್ಲ ಅಂದ್ರೆ ತಂದೆಯವರನ್ನೇ ಮಾರುತಿಯ ನೆಕ್ಸಾ ಶೋರೂಮ್‌ಗೆ ಕರ್ಕೊಂಡು ಹೋಗಿ, ಹಿಂದೆ ಕೂರಿಸಿ, ಐದು ಸಲ ಹತ್ತಿಸಿ ಇಳಿಸಿ. ಅವರ ಮುಖ ನೋಡಿದ್ರೆ ನಿಮಗೇ ಗೊತ್ತಾಗತ್ತೆ.

ಪ್ರಶ್ನೆ: ಶಿವಮೊಗ್ಗ. ಡಿಸೆಂಬರ್‌ನಲ್ಲಿ ಸ್ವಿಫ್ಟ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದಕ್ಕೆ ಒಂದೇ ಸ್ಟಾರ್ ಬಂತಲ್ಲ, ಹಾಗಾದ್ರೆ ಫ್ರಾಂಕ್ಸ್ ನಂಬಬಹುದಾ? ಟಾಟಾ ನೆಕ್ಸಾನ್, ಮಹೀಂದ್ರಾ ಎಕ್ಸ್‌ಯುವಿ300 ಕಡೆ ಹೋಗ್ಲಾ?

ನಿಮ್ಮ ಆತಂಕ ಸರಿಯಾಗೇ ಇದೆ. ಸ್ವಿಫ್ಟ್ ಮಾತ್ರ ಅಲ್ಲ, ಇಗ್ನಿಸ್, ಎಸ್-ಪ್ರೆಸ್ಸೋಗೂ ಒಂದೇ ಬಂತು. ಫ್ರಾಂಕ್ಸ್‌ನ ಟೆಸ್ಟ್ ಈ ಮಾರ್ಚ್ 2023ರವರೆಗೆ ಆಗಿಲ್ಲ, ಹಾಗಾಗಿ ಸ್ಟಾರ್ ಲೆಕ್ಕ ಇಟ್ಕೊಂಡು ಯಾರೂ ಮಾತಾಡೋ ಹಾಗಿಲ್ಲ. ಇಎಸ್‌ಪಿ (ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರೋ ವ್ಯವಸ್ಥೆ), ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದ ಹಾಗೆ ಹಿಡಿಯೋದು) ಎಲ್ಲಾ ವೇರಿಯಂಟ್‌ಗೂ ಕೊಟ್ಟಿರೋದು ಒಳ್ಳೇ ಕೆಲ್ಸ, ಮಳೆಗಾಲದಲ್ಲಿ ಆಗುಂಬೆ ತಿರುವಲ್ಲಿ ಗಾಡಿ ಜಾರಿದಾಗ ಇಎಸ್‌ಪಿ ಬೆಲೆ ಗೊತ್ತಾಗತ್ತೆ. ಆದ್ರೆ 6 ಏರ್‌ಬ್ಯಾಗ್ ಸದ್ಯ 2023ರಲ್ಲಿ ಮೇಲಿನ ವೇರಿಯಂಟ್‌ಗಳಲ್ಲಿ ಮಾತ್ರ, ನನಗೆ ಇದು ಇಷ್ಟ ಆಗ್ಲಿಲ್ಲ. ಗಟ್ಟಿತನವೇ ಮೊದಲು ಅನ್ನೋದಾದ್ರೆ ನೆಕ್ಸಾನ್, ಎಕ್ಸ್‌ಯುವಿ300 ಎರಡಕ್ಕೂ 5 ಸ್ಟಾರ್ ಬಂದಿದೆ, ಅಲ್ಲಿಗೇ ಹೋಗಿ. ಎಕ್ಸ್‌ಯುವಿ300 ಟರ್ಬೊಸ್ಪೋರ್ಟ್ ಅಂತೂ 130 ಪಿಎಸ್, 230 ಎನ್‌ಎಂ, ಸ್ಪೋರ್ಟಿ ಅನ್ನೋ ಪದಕ್ಕೆ ಫ್ರಾಂಕ್ಸ್‌ಗಿಂತ ಅದೇ ಹೆಚ್ಚು ಹತ್ರ. ಡಿಕ್ಕಿ ಚಿಕ್ಕದು, ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಅದು ತಿಳಿದಿರ್ಲಿ.

ಪ್ರಶ್ನೆ: ಮೈಸೂರು. ಕಳೆದ ವರ್ಷವಷ್ಟೇ ಹೊಸ ಬಲೇನೋ ತಗೊಂಡೆ, ಈಗ ಫ್ರಾಂಕ್ಸ್ ನೋಡಿ ಹೊಟ್ಟೆ ಉರೀತಿದೆ. ಮಾರಿಬಿಡ್ಲಾ?

ಬೇಡ. ಒಂದು ವರ್ಷದ ಗಾಡಿ ಮಾರಿದ್ರೆ ಕಟ್ಟಿದ ರೋಡ್ ಟ್ಯಾಕ್ಸು, ಇನ್ಶೂರೆನ್ಸು ಎಲ್ಲಾ ಹೋಯ್ತು, ಹೊಸದಕ್ಕೆ ಮತ್ತೆ ಅದೇ ಕಟ್ಟಬೇಕು, ಬದಲಿಗೆ ಸಿಗೋದು ಅದೇ ಡ್ಯಾಶ್‌ಬೋರ್ಡು, ಅದೇ ವೀಲ್‌ಬೇಸು, ನಿಮ್ಮದಕ್ಕಿಂತ ಹತ್ತು ಲೀಟರ್ ಕಮ್ಮಿ ಇರೋ ಡಿಕ್ಕಿ, ನಿಮ್ಮದು 318, ಅದು 308. ಟರ್ಬೊ ಆಸೆ ಅಷ್ಟಿದ್ರೆ ಟೆಸ್ಟ್ ಡ್ರೈವ್ ಗಾಡಿ ಬಂದಾಗ ಫ್ಯಾಮಿಲಿ ಸಮೇತ ಹೋಗಿ, ಟರ್ಬೊನೇ ಕೇಳಿ, ಚಾಮುಂಡಿ ಬೆಟ್ಟಕ್ಕೆ ಒಂದು ಸಲ ಹತ್ತಿಸಿ, ಇಳಿದು ಬಂದ ಮೇಲೆ ನಿಮ್ಮ ಬಲೇನೋದಲ್ಲೂ ಅದೇ ಬೆಟ್ಟ ಹತ್ತಿ. ಆಮೇಲೂ ಅದೇ ಬೇಕು ಅನ್ಸಿದ್ರೆ ಮತ್ತೆ ಬರೀರಿ, ಆಗ ಮಾರೋ ಲೆಕ್ಕ ಕೂತು ಹಾಕೋಣ.