ಅಮೆರಿಕದಲ್ಲಿ ಮನೆ ಹೊರಗಿನ ಸೌದೆ ಬಾಯ್ಲರ್‌ಗಳಿಗೆ ಯಾಕಿಷ್ಟು ಕಟ್ಟುಪಾಡು?

ಅದರ ಹೊಗೆ ಮೇಲೇರದೆ ಪಕ್ಕದ ಮನೆಗೆ ನುಗ್ಗುತ್ತದೆ, ಅದಕ್ಕೆ. ಈ ಬಾಯ್ಲರ್ ಅಂದರೆ ಅಂಗಳದಲ್ಲಿ ನಿಲ್ಲಿಸಿದ ಸಣ್ಣ ಶೆಡ್ಡಿನಂಥ ಒಲೆ. ಅಲ್ಲಿ ಕಾದ ನೀರು ಪೈಪಿನಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತದೆ.

ಹಳೇ ಮಾದರಿಗಳಲ್ಲಿ ನೀರು ಸಾಕಷ್ಟು ಕಾದ ಕೂಡಲೇ ಗಾಳಿಕಿಂಡಿ ಮುಚ್ಚಿಕೊಳ್ಳುತ್ತದೆ. ಬೆಂಕಿ ಆರುವುದಿಲ್ಲ, ಗಂಟೆಗಟ್ಟಲೆ ಸುಮ್ನೆ ಹೊಗೆಯಾಡುತ್ತಿರುತ್ತದೆ. ಒಲೆಯ ಸುತ್ತಲೂ ನೀರಿರುವುದರಿಂದ ಗೋಡೆ ಕೆಂಪಗೆ ಕಾಯುವುದಿಲ್ಲ, ಸೌದೆ ಪೂರ್ತಿ ಉರಿಯುವುದಿಲ್ಲ. ಹಸಿ ಸೌದೆ ತುರುಕಿದರಂತೂ ಕೇಳಲೇಬೇಡಿ! ಚಿಮಣಿಯೂ ಮೋಟು, ಹೊಗೆಯಲ್ಲಿ ಬಿಸಿಯೂ ಕಮ್ಮಿ; ಹಾಗಾಗಿ ನೆಲ ಹಿಡಿದೇ ಹರಡುತ್ತದೆ.

ನ್ಯೂಯಾರ್ಕ್ ರಾಜ್ಯದಲ್ಲಿ 2011ರಿಂದ ಮನೆಬಳಕೆಯ ಹೊಸ ಬಾಯ್ಲರ್‌ಗೆ ಕನಿಷ್ಠ 18 ಅಡಿ ಚಿಮಣಿ ಬೇಕು, ಸಾಮಾನ್ಯವಾಗಿ ಜಾಗದ ಗಡಿಯಿಂದ 100 ಅಡಿ ದೂರವೂ ಇರಬೇಕು. ಕೆಲವು ಊರುಗಳು ಇದನ್ನು ಪೂರ್ತಿ ನಿಷೇಧಿಸಿವೆ.