ಗೇರ್ ಬಾಕ್ಸ್ ಬದಲಿಸಲು ಒಪ್ಪುವ ಮೊದಲು

ಚಿತ್ರದುರ್ಗದಿಂದ ಅಮೆರಿಕದ ಪಿಟ್ಸ್‌ಬರ್ಗಿಗೆ ಬಂದು ಮೂರು ತಿಂಗಳಾಯಿತೆಂದೂ, ಕೊಂಡ ಹಳೆಯ ಆಟೋಮ್ಯಾಟಿಕ್ ಕಾರು ಸಿಗ್ನಲ್ ಬಳಿ ನಿಧಾನವಾಗುವಾಗ ಧಡ್ಡೆಂದು ಹೊಡೆದು ಗೇರ್ ಇಳಿಸುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಳಿಸುವುದೇ ಇಲ್ಲವೆಂದೂ ಬರೆದಿದ್ದೀರಿ. ಇಡೀ ಗೇರ್ ಬಾಕ್ಸನ್ನೇ ಬದಲಿಸಬೇಕೆಂದ ಗ್ಯಾರೇಜಿನವರ ಮಾತು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ದಾವಣಗೆರೆಯಿಂದ ಬಂದು ಇಪ್ಪತ್ತೆರಡು ವರ್ಷ ಇಲ್ಲಿರುವ ನನ್ನ ಉತ್ತರ, ಈಗಲೇ ಒಪ್ಪಬೇಡಿ ಎಂಬುದು.

ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಮೇಸ್ತ್ರಿ ಗೇರ್ ಬಾಕ್ಸ್ ಬಿಚ್ಚಿ ಸವೆದ ಭಾಗವನ್ನಷ್ಟೇ ಬದಲಿಸುತ್ತಾರೆ. ಇಲ್ಲಿ ಕೆಲಸಗಾರರ ಕೂಲಿ ಗಂಟೆಯ ಲೆಕ್ಕದಲ್ಲಿ ದುಬಾರಿಯಾದ್ದರಿಂದ, ಬಿಚ್ಚಿ ಹುಡುಕುವುದಕ್ಕಿಂತ ಪೂರ್ತಿ ಬದಲಿಸುವುದೇ ಅವರಿಗೆ ಸಲೀಸು. ಹೀಗಾಗಿ ದೋಷ ಎಲ್ಲಿದೆ ಎಂದು ತಿಳಿಯುವ ಹೊಣೆ ಬಹುಮಟ್ಟಿಗೆ ಕಾರಿನ ಮಾಲೀಕರ ಮೇಲೆಯೇ ಬೀಳುತ್ತದೆ.

ಮೊದಲು ಗೇರ್ ಆಯಿಲ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಸಮತಟ್ಟಾದ ಜಾಗದಲ್ಲಿ, ಗೇರ್ ಕಡ್ಡಿಯನ್ನು ‘ಪಿ’ (ಪಾರ್ಕ್) ಸ್ಥಾನದಲ್ಲಿಟ್ಟು ಅಳೆಯಬೇಕು. ಹೋಂಡಾದಂಥ ಕೆಲವು ಕಾರುಗಳಲ್ಲಿ ಇಂಜಿನ್ ಆರಿಸಿ ಅಳೆಯಬೇಕಾದ್ದರಿಂದ ಕೈಪಿಡಿಯನ್ನು ಓದದೆ ಆಯಿಲ್ ಅಳೆಯುವ ಕಡ್ಡಿಗೆ ಕೈ ಹಾಕಬೇಡಿ. ಆಯಿಲ್ ಕಡಿಮೆಯಾದರೆ ಒಳಗಿನ ಒತ್ತಡ ಕುಸಿದು ಗೇರ್ ತಡವಾಗಿಯೋ ಒರಟಾಗಿಯೋ ಬೀಳುತ್ತದೆ. ಕೆಂಪಾಗಿದ್ದರೆ ಒಳ್ಳೆಯದು, ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದು, ಬೆರಳಿಗೆ ಲೋಹದ ಚೂರು ತಗುಲಿದರೆ ಒಳಗಿನ ಕ್ಲಚ್ ಪಟ್ಟಿಗಳೋ ಬೇರೆ ಭಾಗಗಳೋ ಸವೆದಿರಬಹುದು, ಆಗ ಗ್ಯಾರೇಜಿನವರ ಮಾತೇ ನಿಜವಾಗಬಹುದು. ಸುರಿಯುವ ಆಯಿಲ್ ಕಂಪನಿ ಸೂಚಿಸಿದ ಜಾತಿಯದ್ದೇ ಆಗಿರಬೇಕು. ನನ್ನ ಮೊದಲ ಕಾರಿಗೆ ಒಬ್ಬರು ಬೇರೆ ಜಾತಿಯದನ್ನು ತುಂಬಿದ್ದರಿಂದ ಒಂದು ಚಳಿಗಾಲವೆಲ್ಲ ನಡುಗುವ ಕಾರನ್ನೇ ಓಡಿಸಿದ್ದೆ.

ನಿಮ್ಮ ಎರಡು ದೂರುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ, ಏಕೆಂದರೆ ಅವುಗಳ ಮೂಲ ಒಂದೇ ಆಗಿರಬೇಕಿಲ್ಲ. ನಿಧಾನವಾಗುವಾಗ ಬೀಳುವ ಹೊಡೆತ ಇಂಜಿನ್ ಅಥವಾ ಗೇರ್ ಬಾಕ್ಸಿನ ಮೌಂಟ್ (ಹಿಡಿದಿಡುವ ರಬ್ಬರ್ ಆಧಾರ) ಹರಿದಿರುವುದರಿಂದಲೂ, ಐಡಲ್ ವೇಗ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ತಿರುಗುವ ವೇಗ) ಹೆಚ್ಚಾಗಿರುವುದರಿಂದಲೂ ಬರುತ್ತದೆ. ಅಂದರೆ ಗೇರ್ ಬಾಕ್ಸ್ ನಿರ್ದೋಷಿಯಾಗಿರಬಹುದು. ಏರಿನಲ್ಲಿ ಗೇರ್ ಇಳಿಯದಿರುವುದು ಬೇರೆ ವಿಚಾರ. ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬ ಸುದ್ದಿ ಗೇರ್ ಬಾಕ್ಸಿಗೆ ತಲುಪುತ್ತಿಲ್ಲ ಎಂಬುದು ಅದರ ಸಾಮಾನ್ಯ ಅರ್ಥ. ಬಹಳ ಹಳೆಯ ಕಾರಾದರೆ ಆ ಸುದ್ದಿ ಒಯ್ಯುವ ಕೇಬಲ್ ಸಡಿಲವಾಗಿರಬಹುದು; ಹಾಗಿದ್ದರೆ ಓಡಿಸುವುದನ್ನು ನಿಲ್ಲಿಸಿ, ಏಕೆಂದರೆ ಕೆಲವು ಗೇರ್ ಬಾಕ್ಸ್‌ಗಳಲ್ಲಿ ಆ ಕೇಬಲ್ ಒಳಗಿನ ಒತ್ತಡವನ್ನೂ ನಿಯಂತ್ರಿಸುವುದರಿಂದ ಕ್ಲಚ್ ಸುಟ್ಟುಹೋಗುತ್ತದೆ. ತುಸು ಹೊಸದಾದರೆ ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಸೆನ್ಸರ್ ಅಥವಾ ಗೇರ್ ಬದಲಿಸಲು ಆಯಿಲಿನ ದಾರಿ ತೆರೆದು ಮುಚ್ಚುವ ವಿದ್ಯುತ್ ಕವಾಟವಾದ ಗೇರ್ ಸೊಲೆನಾಯ್ಡ್ ಕಾರಣವಿರಬಹುದು. ಹಿಮಕ್ಕೆಂದು ರಸ್ತೆಗೆ ಹಾಕುವ ಉಪ್ಪು ವೈರಿನ ಕನೆಕ್ಟರುಗಳನ್ನು ತಿನ್ನುತ್ತದೆ. ನಮ್ಮೂರ ಕಡೆ ಕಾಣದ ಈ ದೋಷವನ್ನು ಇಲ್ಲಿ ಮರೆಯಬಾರದು.

ಕಾರು 1996ರದ್ದೋ ಅದರ ನಂತರದ್ದೋ ಆಗಿದ್ದರೆ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಹಚ್ಚಿ, ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದಿಸಿ. ಬಿಡಿಭಾಗ ಮಾರುವ ಅನೇಕ ಅಂಗಡಿಗಳು ಇದನ್ನು ಉಚಿತವಾಗಿ ಮಾಡಿಕೊಡುತ್ತವೆ. ಪಿ0700 ಎಂದರೆ ಗೇರ್ ವ್ಯವಸ್ಥೆಯಲ್ಲಿ ಬೇರೊಂದು ಕೋಡ್ ಇದೆ ಎಂದಷ್ಟೇ ಅರ್ಥ. ಪಿ0720 ಬಂದರೆ ವೇಗದ ಸೆನ್ಸರ್ ಮತ್ತು ಅದರ ವೈರನ್ನು, ಪಿ0750 ಬಂದರೆ ಸೊಲೆನಾಯ್ಡನ್ನು ನೋಡಿಸಿ. ಆ ಕೋಡುಗಳನ್ನೂ ಆಯಿಲಿನ ಬಣ್ಣವನ್ನೂ ಬರೆದಿಟ್ಟುಕೊಂಡು, ಗೇರ್ ಬಾಕ್ಸ್ ಕೆಲಸವನ್ನಷ್ಟೇ ಮಾಡುವ ಇನ್ನೊಂದು ಗ್ಯಾರೇಜಿಗೆ ಹೋಗಿ. ಅವರು ಏನೆಂದರೆಂದು ನನಗೆ ಬರೆಯಿರಿ. ಶನಿವಾರವಾದರೆ ನಾನೇ ಜೊತೆಗೆ ಬರುತ್ತೇನೆ.