ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪ್ರಿಯ ಸೋದರಿ,

ದಾವಣಗೆರೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. 10 ವರ್ಷದ ಮಗ ಶಾಲೆಯಿಂದ ಬಂದವನೇ ಮೊಬೈಲ್ ಹಿಡಿಯುತ್ತಾನೆ. ಕ್ರಿಕೆಟ್ ಕೋಚಿಂಗ್‌ಗೆ ಸೇರಿಸಿದಿರಿ, ಎರಡೇ ತಿಂಗಳಿಗೆ ಬಿಟ್ಟ. ಹೊರಗೆ ಹೋಗಿ ಆಡಿದರೆ ದಿನಕ್ಕೆ 10 ರೂಪಾಯಿ ಎಂದಿರಿ, ಅದು ಒಂದು ವಾರ ನಡೆಯಿತು. ‘ಇವನಿಗೆ ಆಟದ ಆಸೆಯೇ ಇಲ್ವಾ?’ ಎಂದು ಕೇಳಿದ್ದೀರಿ.

ಆಸೆ ಇದೆ. ಕೋಚಿಂಗ್ ಬಿಟ್ಟಾಗ ಅವನು ಹೇಳಿದ ಮಾತನ್ನು ನೀವೇ ಬರೆದಿದ್ದೀರಿ: ‘ಔಟಾದ್ರೆ ಎಲ್ರೂ ನಗ್ತಾರೆ.’ ನಾವು ಲಗೋರಿಯನ್ನೋ ಮರಕೋತಿಯನ್ನೋ ಆಡುವಾಗ ಪುಟ್ಟ ತಮ್ಮ ಬೆನ್ನು ಹತ್ತಿ ಬಂದರೆ ಏನು ಮಾಡುತ್ತಿದ್ದೆವು, ನೆನಪಿದೆಯಾ? ‘ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದೆವು. ಅವನು ಔಟಾದರೂ ಔಟಲ್ಲ. ಹಾಗೇ ಓಡಿ ಓಡಿ ಕಲಿತು, ಒಂದು ದಿನ ಲೆಕ್ಕಕ್ಕೂ ಬರುತ್ತಿದ್ದ. ಆ ನಿಯಮವನ್ನು ದೊಡ್ಡವರು ಮಾಡಿಕೊಟ್ಟದ್ದಲ್ಲ. ನಿಮ್ಮ ಮಗನಿಗೆ ಮೊದಲ ದಿನದಿಂದಲೇ ಲೆಕ್ಕ ಶುರುವಾಯಿತು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಉತ್ಸಾಹ ಒಳಗಿನಿಂದ ಬರಬೇಕಾದರೆ ‘ಇದು ನಾನೇ ಆರಿಸಿಕೊಂಡದ್ದು, ಇದು ನನ್ನಿಂದ ಆಗುತ್ತೆ, ನನ್ನವರು ಜೊತೆಗಿದ್ದಾರೆ’ ಎಂಬ ಮೂರೂ ಭಾವ ಬೇಕು.

ಹತ್ತು ರೂಪಾಯಿಯನ್ನು ದಯವಿಟ್ಟು ನಿಲ್ಲಿಸಿ. 1973ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಕೆಲವು ದಿನಗಳ ನಂತರ ನೋಡಿದರೆ, ಆ ಮಕ್ಕಳು ಬಹುಮಾನವೇ ಇಲ್ಲದ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಆಟಕ್ಕೆ ಕೂಲಿ ಕೊಟ್ಟರೆ ಅದು ಕೆಲಸವಾಗುತ್ತೆ. ‘ಆರೋಗ್ಯಕ್ಕೆ ಒಳ್ಳೇದು’ ಎಂಬ ಮಾತೂ ಅವನನ್ನು ಎಬ್ಬಿಸಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ನಮಗೆ ಗೊತ್ತಿದ್ದರೆ ಸಾಕು.

ಅವನನ್ನು ಎಬ್ಬಿಸುವುದು ಗೇಟಿನ ಹೊರಗಿನ ‘ಬರ್ತೀಯೇನೋ?’ ಎಂಬ ಕೂಗು. ಈಗ ಆ ಕೂಗೇ ಇಲ್ಲ. ಒಬ್ಬನಿಗೆ ಐದಕ್ಕೆ ಟ್ಯೂಷನ್, ಇನ್ನೊಬ್ಬನಿಗೆ ಆರಕ್ಕೆ ಕೀಬೋರ್ಡ್ ಕ್ಲಾಸ್. ಖಾಲಿ ಬೀದಿಗೆ ಯಾವ ಮಗು ತಾನಾಗಿ ಹೋಗುತ್ತೆ? ನಿಮ್ಮ ರಸ್ತೆಯ ಮೂರು ಮನೆಯವರನ್ನು ಕೇಳಿ, ವಾರದಲ್ಲಿ ಮೂರು ಸಂಜೆ, ಐದರಿಂದ ಆರು, ಎಲ್ಲರೂ ಬಿಡುವು ಮಾಡಿಕೊಳ್ಳಲಿ. ಗಾಡಿ ಓಡಾಟ ಜಾಸ್ತಿಯಿದ್ದರೆ ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ಸುಮ್ನೆ ಕೂತಿರಿ. ಯಾವ ಆಟ, ಯಾರು ಯಾವ ಕಡೆ ಎಂಬುದನ್ನು ಅವರೇ ಜಗಳವಾಡಿ ತೀರ್ಮಾನಿಸಲಿ. ಆ ಜಗಳವೂ ಆಟವೇ.

ಪತ್ರದ ಕೊನೆಯ ಸಾಲು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ: ‘ದೊಡ್ಡ ಮಗಳು ಚೆನ್ನಾಗಿ ಆಡುತ್ತಿದ್ದಳು, ಈಗ 13 ಆಯಿತು, ಕಳಿಸಲ್ಲ.’ ಅವಳ ಬಗ್ಗೆ ನೀವು ಏನೂ ಕೇಳಿಲ್ಲ. 2016ರ ಅಂಕಿಅಂಶದಂತೆ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85 ಮಂದಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ನಿಮ್ಮ ಮಗಳು ತಾನಾಗಿ ಆಟ ಬಿಟ್ಟವಳಲ್ಲ. ಒಂದು ಟ್ರ್ಯಾಕ್ ಪ್ಯಾಂಟ್ ಕೊಡಿಸಿ. ಅವಳ ಇಬ್ಬರು ಗೆಳತಿಯರ ಮನೆಗೆ ನೀವೇ ಹೋಗಿ, ಅವರ ಅಮ್ಮಂದಿರ ಹತ್ತಿರ ಮಾತಾಡಿ. ಆ ಮೂರು ಸಂಜೆ ಅವಳೂ ಹೊರಗೆ ಬರಲಿ.

— ಸಂಪಾದಕ